ಚಳಿಗಾಲದ ಬೆಳಗ್ಗೆ ಹಳೆಯ ಕಂಪ್ರೆಸರನ್ನು ಹೊರಡಿಸುವ ಬಗೆ



ಪುಷ್ಯ ಮಾಸದ ಒಂದು ಬೆಳಗನ್ನು ನೆನೆದುಕೊಳ್ಳಿ. ಕಬ್ಬು ಕಡಿದು ಗದ್ದೆಯಲ್ಲಿ ಕಟ್ಟು ಕಟ್ಟಿ ಇಟ್ಟಿದೆ. ಇಂದೇ ಅದು ಕಾರ್ಖಾನೆಗೆ ಸಾಗಬೇಕು. ಕಡಿದ ಕಬ್ಬು ನಿಂತಷ್ಟೂ ತೂಕ ಕಳೆದುಕೊಳ್ಳುವುದೆಂಬುದನ್ನು ನಿಮಗೆ ಯಾರೂ ಹೇಳಬೇಕಾಗಿಲ್ಲ. ಆದರೆ ಟ್ರೈಲರಿನ ಒಂದು ಗಾಲಿ ರಾತ್ರಿಯೇ ಗಾಳಿ ಬಿಟ್ಟು ಕುಳಿತಿದೆ. ಊರ ಮುಂದಿನ ವರ್ಕ್‌ಶಾಪಿನಲ್ಲಿ ಹಳೆಯ ಕಂಪ್ರೆಸರೊಂದು ಉಂಟು. ಸ್ವಿಚ್ಚು ಒತ್ತಿದರೆ ಮೋಟಾರು "ಗುಂಯ್" ಎನ್ನುತ್ತದೆ, ತಿರುಗುವುದಿಲ್ಲ. ಇನ್ನೊಮ್ಮೆ ಒತ್ತುತ್ತಾರೆ, ಮತ್ತೊಮ್ಮೆ ಒತ್ತುತ್ತಾರೆ. ನಾಲ್ಕನೆಯ ಸಲಕ್ಕೆ ಸುಟ್ಟ ವಾಸನೆ ಬರುತ್ತದೆ. ಅಲ್ಲಿಗೆ ಗಾಲಿಯ ಮಾತು ಹೋಯಿತು, ಮೋಟಾರಿನ ವೈಂಡಿಂಗ್ ಮಾತು ಬಂತು. ಗಾಳಿ ತುಂಬುವ ಅರ್ಧ ಗಂಟೆಯ ಕೆಲಸಕ್ಕೆ ವಾರದ ಕಾಲವೂ ಸಾವಿರಾರು ರೂಪಾಯಿಯೂ ದಂಡ.

ಇಂಥ ಹೊತ್ತಿನಲ್ಲಿ ಎಲ್ಲರೂ ಚಳಿಯನ್ನು ಬೈಯುತ್ತಾರೆ. ಚಳಿಯ ಪಾತ್ರವಿದೆ, ಸುಳ್ಳಲ್ಲ. ಬೀದರ, ವಿಜಯಪುರಗಳ ಕಡೆ ಡಿಸೆಂಬರ್, ಜನವರಿ ತಿಂಗಳ ರಾತ್ರಿಗಳಲ್ಲಿ ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುವುದುಂಟು. ಆದರೆ ಅಷ್ಟು ಚಳಿಯಲ್ಲಿ ಸುಸ್ಥಿತಿಯಲ್ಲಿರುವ ಕಂಪ್ರೆಸರು ತಡೆಯಿಲ್ಲದೆ ಹೊರಡುತ್ತದೆ. ಹಳೆಯದು ಹೊರಡದೆ ನಿಂತರೆ, ಬಹುಪಾಲು ಅದರಲ್ಲಿ ಬೇರೊಂದು ಕುಂದು ಮೊದಲೇ ಇರುತ್ತದೆ. ಬೇಸಗೆಯಲ್ಲಿ ಮರೆಯಾಗಿದ್ದ ಆ ಕುಂದನ್ನು ಚಳಿಯು ಹೊರಗೆ ತೋರಿಸಿಕೊಡುತ್ತದೆ, ಅಷ್ಟೆ. ಆದುದರಿಂದ ಬಲವಂತದಿಂದ ಹೊರಡಿಸುವುದು ಜಾಣತನವಲ್ಲ. ಯಂತ್ರದ ಮೇಲಿನ ಭಾರವನ್ನು ಇಳಿಸಿ, ಕುಂದು ಎಲ್ಲಿದೆಯೆಂದು ಕಂಡು, ಅನಂತರ ಹೊರಡಿಸಬೇಕು. ಅದು ಹೇಗೆಂಬುದನ್ನು ಇಲ್ಲಿ ವಿವರಿಸಿದೆ.

ಯಂತ್ರದೊಳಗೆ ನಡೆಯುವುದೇನು?

ನಮ್ಮ ಹಳ್ಳಿಗಳ ವರ್ಕ್‌ಶಾಪುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೆಲ್ಟಿನಿಂದ ತಿರುಗುವ ಕಂಪ್ರೆಸರು. ಮೋಟಾರು ಬೆಲ್ಟನ್ನು ಎಳೆಯುತ್ತದೆ. ಬೆಲ್ಟು ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಶಾಫ್ಟು ಪಿಸ್ಟನ್ನನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತದೆ. ಪಿಸ್ಟನ್ ಇಳಿದಾಗ ಹೊರಗಿನ ಗಾಳಿ ಒಳಕ್ಕೆ ಬರುತ್ತದೆ, ಏರಿದಾಗ ಅದು ಒತ್ತಿಕೊಂಡು ಕೊಳವೆಯ ಮೂಲಕ ಟ್ಯಾಂಕಿಗೆ ಹೋಗುತ್ತದೆ. ಕೆಳಗಿನ ತೊಟ್ಟಿಯಲ್ಲಿರುವ ಎಣ್ಣೆಯು ಚಿಮ್ಮಿ ಎಲ್ಲ ಭಾಗಗಳನ್ನೂ ನೆನೆಸುತ್ತಿರುತ್ತದೆ. ಟ್ಯಾಂಕಿಗೆ ಹೋದ ಗಾಳಿ ಹಿಂದಕ್ಕೆ ಬಾರದಂತೆ ನಡುವೆ ಒಂದು ನಾನ್ ರಿಟರ್ನ್ ವಾಲ್ವು ಇರುತ್ತದೆ.

ತಿರುಗುತ್ತಿರುವ ಯಂತ್ರವನ್ನು ತಿರುಗಿಸುತ್ತಲೇ ಇರುವುದು ಸುಲಭ, ನಿಂತ ಯಂತ್ರವನ್ನು ಅಲುಗಿಸುವುದು ಕಷ್ಟ. ಎತ್ತುಗಳನ್ನು ಕೊಟ್ಟಿಗೆಯಿಂದ ಬಿಚ್ಚಿದ ಕೂಡಲೇ ಹೇರಿದ ಗಾಡಿಗೆ ಹೂಡಿ ಏರು ಹತ್ತಿಸುವ ರೈತನುಂಟೇ? ಮೊದಲು ನಾಲ್ಕು ಹೆಜ್ಜೆ ನಡೆಸುತ್ತಾನೆ, ಮೈ ಬಿಸಿಯಾಗಲು ಬಿಡುತ್ತಾನೆ. ಮೋಟಾರಿಗೂ ಅದೇ ನ್ಯಾಯ ಸಲ್ಲುತ್ತದೆ.

ಹೊರಡದಿರಲು ನಾಲ್ಕು ಕಾರಣಗಳು

ಮೊದಲನೆಯದು ಎಣ್ಣೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಗಟ್ಟಿಯಾಗುವುದನ್ನೂ, ಮನೆಯ ಹೆಂಗಸರು ಅದನ್ನು ಬಿಸಿಲಿಗೆ ಇಟ್ಟು ಕರಗಿಸುವುದನ್ನೂ ನೀವು ಕಂಡಿದ್ದೀರಿ. ಕಂಪ್ರೆಸರಿನ ಎಣ್ಣೆ ಹಾಗೆ ಹೆಪ್ಪುಗಟ್ಟುವುದಿಲ್ಲ, ಆದರೆ ಮಂದವಾಗುತ್ತದೆ. ಡಬ್ಬಿಯ ಮೇಲೆ ವಿ.ಜಿ. 68, ವಿ.ಜಿ. 100 ಎಂದು ಬರೆದಿರುತ್ತದೆಯಷ್ಟೆ. ಅದು 40 ಡಿಗ್ರಿ ಉಷ್ಣತೆಯಲ್ಲಿ ಆ ಎಣ್ಣೆ ಎಷ್ಟು ಮಂದವಾಗಿದೆಯೆಂಬುದರ ಅಳತೆ. ಸಂಖ್ಯೆ ಹೆಚ್ಚಿದಷ್ಟೂ ಎಣ್ಣೆ ಮಂದ. 40 ಡಿಗ್ರಿಯಲ್ಲಿ 100 ಇರುವ ಸಾಮಾನ್ಯ ಎಣ್ಣೆಯು 10 ಡಿಗ್ರಿಗೆ ಇಳಿದರೆ ಐದಾರು ಪಟ್ಟಿಗೂ ಹೆಚ್ಚು ಮಂದವಾಗುತ್ತದೆ. ವರ್ಷಗಟ್ಟಲೆ ಬದಲಿಸದೆ ಕಪ್ಪಾದ ಎಣ್ಣೆಯಾದರೆ ಕೇಳುವುದೇ ಬೇಡ. ಪಿಸ್ಟನ್ನೂ ಬೇರಿಂಗೂ ಕೆಸರಿನಲ್ಲಿ ಕಾಲು ಹೂತಂತೆ ನಿಲ್ಲುತ್ತವೆ.

ಎರಡನೆಯದು ಸಿಕ್ಕಿಬಿದ್ದ ಗಾಳಿ. ನಾನ್ ರಿಟರ್ನ್ ವಾಲ್ವು ಸವೆದಿದ್ದರೆ ಟ್ಯಾಂಕಿನ ಗಾಳಿಯು ಹಿಂದಕ್ಕೆ ಹರಿದು ಪಿಸ್ಟನ್ನಿನ ತಲೆಯ ಮೇಲೆ ಕುಳಿತಿರುತ್ತದೆ. ಆಗ ಮೋಟಾರು ಮೊದಲ ಸುತ್ತಿನಲ್ಲಿಯೇ ಆ ಒತ್ತಡವನ್ನು ಎದುರಿಸಬೇಕಾಗುತ್ತದೆ. ತಾನಾಗಿ ನಿಲ್ಲುವ ಪ್ರೆಷರ್ ಸ್ವಿಚ್ಚು ಉಳ್ಳ ಕಂಪ್ರೆಸರುಗಳಲ್ಲಿ ಯಂತ್ರ ನಿಂತ ಕೂಡಲೇ "ಸ್ಸ್" ಎಂದು ಸ್ವಲ್ಪ ಗಾಳಿ ಹೊರಬೀಳುತ್ತದೆ. ಅದು ಕೊಳವೆಯ ಒತ್ತಡವನ್ನು ಇಳಿಸಿ ಮುಂದಿನ ಸಲ ಸುಲಭವಾಗಿ ಹೊರಡಲು ಮಾಡಿದ ಏರ್ಪಾಡು. ಆ ಸದ್ದು ಬಾರದಿದ್ದರೆ ಏರ್ಪಾಡು ಕೆಟ್ಟಿದೆ. ಸದ್ದು ನಿಲ್ಲದೆ ಹೋಗುತ್ತಲೇ ಇದ್ದರೆ ನಾನ್ ರಿಟರ್ನ್ ವಾಲ್ವು ಸೋರುತ್ತಿದೆ. ಕಿವಿಯೊಂದಿದ್ದರೆ ಸಾಕು, ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ.

ಮೂರನೆಯದು ವಿದ್ಯುತ್ತು. ಊರಿಗೆ ಮೂರು ಫೇಸ್ ಬಂದ ಕೂಡಲೇ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಹೊರಡುತ್ತವೆ, ವೋಲ್ಟೇಜು ಕುಸಿಯುತ್ತದೆ. ಇಲ್ಲಿ ಒಂದು ಲೆಕ್ಕವನ್ನು ಚೆನ್ನಾಗಿ ನೆನಪಿನಲ್ಲಿ ಇಡಬೇಕು. ವೋಲ್ಟೇಜು ಇಳಿದ ಪ್ರಮಾಣಕ್ಕಿಂತ ಹೆಚ್ಚಾಗಿ ಮೋಟಾರಿನ ಬಲ ಇಳಿಯುತ್ತದೆ. 415 ವೋಲ್ಟು ಇರಬೇಕಾದಲ್ಲಿ 332 ಬಂದರೆ, ಅಂದರೆ ನೂರಕ್ಕೆ 80 ಬಂದರೆ, ಹೊರಡುವ ಬಲವು ನೂರಕ್ಕೆ 80 ಆಗುವುದಿಲ್ಲ, 64 ಮಾತ್ರ ಆಗುತ್ತದೆ. ಎಣ್ಣೆ ಮಂದವಾಗಿರುವ ಬೆಳಗ್ಗೆಯೇ ಮೋಟಾರಿನ ಬಲವೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾದರೆ ಅದು ಹೊರಡುವುದಾದರೂ ಹೇಗೆ? ಇನ್ನು, ಮೂರು ಫೇಸಿನಲ್ಲಿ ಒಂದು ಹೋಗಿದ್ದರಂತೂ ಮೋಟಾರು ಗುಂಯ್ ಎನ್ನುವುದೇ ಹೊರತು ತಿರುಗುವುದಿಲ್ಲ. ಸಿಂಗಲ್ ಫೇಸ್ ಮೋಟಾರಾದರೆ ಅದರ ಕೆಪಾಸಿಟರು ಹಳತಾಗಿ ಬಲಗುಂದಿರಬಹುದು.

ನಾಲ್ಕನೆಯದು ಬೆಲ್ಟು ಮತ್ತು ಸವೆತ. ಹಳೆಯ ಬೆಲ್ಟು ಚಳಿಗೆ ಬಿರುಸಾಗಿ ಜಾರುತ್ತದೆ, ಕಿರ್ರ್ ಎಂದು ಕಿರುಚುತ್ತದೆ. ಅತಿಯಾಗಿ ಬಿಗಿದರೆ ಬೇರಿಂಗು ಹಿಡಿಯುತ್ತದೆ. ಎರಡೂ ಒಳ್ಳೆಯದಲ್ಲ.

ಗುಂಯ್ ಎಂದರೆ ಕೂಡಲೇ ಆಫ್

ತಿರುಗದೆ ನಿಂತ ಮೋಟಾರು ಸುಮ್ಮನೆ ನಿಂತಿದೆಯೆಂದು ತಿಳಿಯಬೇಡಿ. ಅದು ಪೂರ್ತಿ ಭಾರದಲ್ಲಿ ಎಳೆಯುವ ಕರೆಂಟಿನ ಐದರಿಂದ ಏಳು ಪಟ್ಟು ಕರೆಂಟನ್ನು ಆಗ ಎಳೆಯುತ್ತಿರುತ್ತದೆ. ಕರೆಂಟು ಆರು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖವು ಆರು ಪಟ್ಟಲ್ಲ, ಆರಾರಲಿ ಮೂವತ್ತಾರು ಪಟ್ಟು. ಸಾಲದ್ದಕ್ಕೆ ಮೋಟಾರಿನ ಫ್ಯಾನೂ ತಿರುಗುತ್ತಿರುವುದಿಲ್ಲ, ಆದುದರಿಂದ ತಂಪಾಗುವ ದಾರಿಯೂ ಇಲ್ಲ. ಕೆಲವೇ ಸೆಕೆಂಡುಗಳಲ್ಲಿ ವೈಂಡಿಂಗಿನ ಹೊದಿಕೆ ಕರಕಲಾಗತೊಡಗುತ್ತದೆ.

ಆದುದರಿಂದ ನಿಯಮ ಇಷ್ಟೇ: ಮೋಟಾರು ಗುಂಯ್ ಎಂದು ಚಕ್ರ ತಿರುಗದಿದ್ದರೆ, ಒಂದು, ಎರಡು, ಮೂರು ಎಣಿಸುವುದರೊಳಗೆ ಆಫ್ ಮಾಡಬೇಕು. ಕಾರಣ ತಿಳಿಯದೆ ಮತ್ತೆ ಒತ್ತಕೂಡದು. ಗುಂಯ್ ಎಂಬ ಸದ್ದು ಯಂತ್ರದ ಹಠವಲ್ಲ, ನಮಗೆ ಅದು ಕೊಡುವ ಎಚ್ಚರಿಕೆ.

ಹೊರಡಿಸುವ ಕ್ರಮ

1. ಮೊದಲು ವಿದ್ಯುತ್ತನ್ನು ನೋಡಿ. ಸ್ಟಾರ್ಟರಿನ ಬೋರ್ಡಿನಲ್ಲಿ ವೋಲ್ಟ್ ಮೀಟರು ಇದ್ದರೆ ಮೂರು ಫೇಸೂ ಸರಿಯಾಗಿವೆಯೇ ಎಂದು ಪರೀಕ್ಷಿಸಿ. ವೋಲ್ಟೇಜು ತೀರ ಕಡಿಮೆಯಿದ್ದರೆ ಪಂಪ್‌ಸೆಟ್ಟುಗಳ ಮೊದಲ ಗದ್ದಲ ಇಳಿಯುವವರೆಗೆ ಕಾಯುವುದು ಮೇಲು. ಆ ಹೊತ್ತಿನಲ್ಲಿ ಮುಂದಿನ ಕೆಲಸಗಳನ್ನು ಮಾಡಿಕೊಳ್ಳಬಹುದು.

2. ಮೇನ್ ಸ್ವಿಚ್ಚನ್ನು ಇಳಿಸಿ, ಫ್ಯೂಸುಗಳನ್ನು ಕಿತ್ತು ನಿಮ್ಮ ಜೇಬಿನಲ್ಲಿಯೇ ಇಟ್ಟುಕೊಳ್ಳಿ. ನೀವು ಚಕ್ರಕ್ಕೆ ಕೈ ಹಾಕಿದಾಗ ಬೇರೊಬ್ಬರು ತಿಳಿಯದೆ ಸ್ವಿಚ್ಚು ಒತ್ತಬಾರದು. ಪ್ರೆಷರ್ ಸ್ವಿಚ್ಚು ಉಳ್ಳ ಯಂತ್ರವಂತೂ ಯಾರೂ ಮುಟ್ಟದೆಯೇ ತಾನಾಗಿ ಹೊರಟುಬಿಡಬಲ್ಲದು.

3. ಟ್ಯಾಂಕಿನ ಕೆಳಗಿನ ನೀರು ಬಿಡುವ ಕಾಕನ್ನು ಮೆಲ್ಲಗೆ ತಿರುಗಿಸಿ ನೀರನ್ನೂ ಗಾಳಿಯನ್ನೂ ಪೂರ್ತಿ ಹೊರಕ್ಕೆ ಬಿಡಿ. ಮುಖವನ್ನು ದೂರ ಇಡಿ. ಗೇಜಿನ ಮುಳ್ಳು ಸೊನ್ನೆಗೆ ಬರಬೇಕು. ಕಾಕು ತೆರೆದೇ ಇರಲಿ.

4. ಎಣ್ಣೆಯ ಮಟ್ಟವನ್ನು ಗಾಜಿನ ಕಿಂಡಿಯಲ್ಲಿ ನೋಡಿ. ಗುರುತಿಗಿಂತ ಕಡಿಮೆಯಿದ್ದರೆ ತುಂಬಿ; ಹೆಚ್ಚಿದ್ದರೂ ದೋಷವೇ. ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಿದ್ದರೆ ಅದರಲ್ಲಿ ನೀರು ಸೇರಿದೆ, ಬದಲಿಸಲೇಬೇಕು.

5. ಈಗ ದೊಡ್ಡ ಚಕ್ರವನ್ನು ಕೈಯಿಂದ ಹತ್ತು ಹನ್ನೆರಡು ಸುತ್ತು ತಿರುಗಿಸಿ. ಬೆರಳುಗಳು ಬೆಲ್ಟಿಗೂ ಚಕ್ರಕ್ಕೂ ನಡುವೆ ಹೋಗದಂತೆ ಎಚ್ಚರಿಕೆ ಇರಲಿ. ಯಂತ್ರದ ನಾಡಿ ಸಿಕ್ಕುವುದು ಇಲ್ಲಿಯೇ. ಸುತ್ತಿನ ಉದ್ದಕ್ಕೂ ಒಂದೇ ಸಮನಾಗಿ ಬಿಗಿಯೆನಿಸಿ, ನಾಲ್ಕಾರು ಸುತ್ತಿನ ಮೇಲೆ ಸಡಿಲವಾಗುತ್ತ ಬಂದರೆ ದೋಷ ಎಣ್ಣೆಯದು. ಟ್ಯಾಂಕು ಬರಿದಾಗಿದ್ದರೂ ಒಂದು ಜಾಗದಲ್ಲಿ ತಡೆದು ಚಕ್ರ ಹಿಂದಕ್ಕೆ ಪುಟಿದರೆ ಗಾಳಿ ಸಿಕ್ಕಿಬಿದ್ದಿದೆ, ವಾಲ್ವಿನ ಕಡೆ ನೋಡಬೇಕು. ಕಬ್ಬಿಣ ಉಜ್ಜಿದ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಬಲ್ಲ ಮೆಕ್ಯಾನಿಕ್ಕನ್ನು ಕರೆಸಿ. ಸಡಿಲವಾಗಿ ತಿರುಗಿದ ಮೇಲೂ ಮೋಟಾರು ಹೊರಡದಿದ್ದರೆ ದೋಷವು ವಿದ್ಯುತ್ತಿನದು ಅಥವಾ ಮೋಟಾರಿನದು, ಕಂಪ್ರೆಸರಿನದಲ್ಲ.

6. ಎಣ್ಣೆ ಇನ್ನೂ ಬಿಗಿಯಾಗಿದ್ದರೆ ಬೆಚ್ಚಗೆ ಮಾಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆಯನ್ನು ಎಣ್ಣೆಯ ತೊಟ್ಟಿಗೆ ಸುತ್ತಿ, ತಣಿದ ಹಾಗೆ ಬದಲಿಸುತ್ತ ಹೋದರೆ ಕಾಲು ಗಂಟೆಯಲ್ಲಿ ಗುಣ ಕಾಣುತ್ತದೆ. ಮೋಟಾರಿಗೂ ಸ್ವಿಚ್ಚಿಗೂ ನೀರು ತಾಗಕೂಡದು. ಯಂತ್ರಕ್ಕೆ ಬೆಳಗಿನ ಬಿಸಿಲು ಬೀಳುವಂತಿದ್ದರೆ ಅದಕ್ಕಿಂತ ಅಗ್ಗದ ಉಪಾಯವಿಲ್ಲ. ಹಿಂದೆ ಕೆಲವರು ತೊಟ್ಟಿಯ ಬಳಿ ತಂತಿಯ ಬಲ್ಬನ್ನು ಉರಿಸಿ ಇಡುತ್ತಿದ್ದರು. ಈಗಿನ ಎಲ್.ಇ.ಡಿ. ಬಲ್ಬಿನಲ್ಲಿ ಅಷ್ಟು ಶಾಖ ಹುಟ್ಟುವುದಿಲ್ಲವಾದುದರಿಂದ ಅದು ಈ ಕೆಲಸಕ್ಕೆ ಬಾರದು.

7. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಮಾರು ಒಂದು ಸೆಂಟಿಮೀಟರು ತಗ್ಗಿದರೆ ಸರಿ. ಬೆಲ್ಟಿನ ಮೇಲಿನ ಜಾಲರಿಯನ್ನು ಸ್ವಸ್ಥಾನದಲ್ಲಿ ಬಿಗಿಯಿರಿ.

8. ಎಲ್ಲರನ್ನೂ ದೂರ ನಿಲ್ಲಿಸಿ, ಫ್ಯೂಸು ಹಾಕಿ, ಕಾಕು ತೆರೆದಿರುವಂತೆಯೇ ಸ್ವಿಚ್ಚು ಒತ್ತಿ. ಎದುರೊತ್ತಡವಿಲ್ಲದ ಕಾರಣ ಮೋಟಾರಿಗೆ ಚಕ್ರವನ್ನು ತಿರುಗಿಸುವ ಕೆಲಸ ಮಾತ್ರ ಉಳಿದಿರುತ್ತದೆ. ಚಕ್ರವು ಬಾಣದ ಗುರುತಿನ ದಿಕ್ಕಿನಲ್ಲಿಯೇ ತಿರುಗುತ್ತಿದೆಯೇ ಎಂದು ನೋಡಿ. ಮೂರು ಫೇಸಿನ ತಂತಿಗಳು ಅದಲುಬದಲಾದರೆ ಚಕ್ರ ತಿರುಗುಮುರುಗಾಗಿ ಓಡುತ್ತದೆ. ಆಗ ಸಿಲಿಂಡರಿಗೆ ತಾಗಬೇಕಾದ ತಂಪುಗಾಳಿ ಸರಿಯಾಗಿ ತಾಗುವುದಿಲ್ಲ.

9. ಐದು ಹತ್ತು ನಿಮಿಷ ಹೀಗೆಯೇ ಬರಿದಾಗಿ ಓಡಲಿ. ಎಣ್ಣೆ ಬೆಚ್ಚಗಾಗಿ ಎಲ್ಲೆಡೆಗೂ ಹರಡುತ್ತದೆ. ಅನಂತರ ಕಾಕನ್ನು ಮುಚ್ಚಿ ಟ್ಯಾಂಕು ತುಂಬಲು ಬಿಡಿ.

10. ಬೇಕಾದಷ್ಟು ಗಾಳಿ ಬಂದ ಮೇಲೆ ನಿಲ್ಲಿಸಿ. ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಗಾಲಿಗೆ ಸಾಮಾನ್ಯವಾಗಿ 12ರಿಂದ 18 ಪೌಂಡು ಗಾಳಿ ಸಾಕು. ಟ್ರೈಲರಿನ ಗಾಲಿಗೆ ಹೆಚ್ಚು ಬೇಕು. ಎಷ್ಟೆಂಬುದು ಟೈರಿನ ಮೇಲೆಯೇ ಬರೆದಿರುತ್ತದೆ. ಹದಿನೈದು ಪೌಂಡಿನ ಕೆಲಸಕ್ಕೆ ಹಳೆಯ ಯಂತ್ರವನ್ನು ನೂರಿಪ್ಪತ್ತು ಪೌಂಡಿನವರೆಗೆ ಏದುಸಿರು ಬಿಡಿಸುವ ಅಗತ್ಯವಿಲ್ಲ.

ಎರಡು ಸಲ ಈ ಕ್ರಮದಲ್ಲಿ ಮಾಡಿದರೂ ಹೊರಡದಿದ್ದರೆ ಮೂರನೆಯ ಸಲದ ಆಸೆಯನ್ನು ಬಿಡಿ. ಮೋಟಾರು ತಣಿಯಲಿ, ಎಲೆಕ್ಟ್ರಿಷಿಯನ್ನು ನೋಡಲಿ. ಕೆಪಾಸಿಟರನ್ನು ತಿಳಿಯದವರು ಮುಟ್ಟಕೂಡದು. ಸ್ವಿಚ್ಚು ಆಫ್ ಮಾಡಿದ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು.

ಮಾಡಬಾರದ ಕೆಲಸಗಳು

ಅವಸರದಲ್ಲಿ ಮಾಡುವ ಕೆಲವು ಉಪಾಯಗಳು ಚಳಿಗಿಂತ ಕೆಟ್ಟವು.

ಎಣ್ಣೆಯನ್ನು ತೆಳುವಾಗಿಸಲು ಸೀಮೆಎಣ್ಣೆಯನ್ನಾಗಲಿ ಡೀಸೆಲನ್ನಾಗಲಿ ಬೆರೆಸಕೂಡದು. ಗಾಳಿಯು ಒತ್ತಿಕೊಂಡಾಗ ಬಹಳ ಬಿಸಿಯಾಗುತ್ತದೆ. ಆ ಬಿಸಿಗಾಳಿಯೊಡನೆ ಸೀಮೆಎಣ್ಣೆಯ ಆವಿ ಸೇರಿದರೆ ಕೊಳವೆಯೊಳಗೇ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಚಳಿಗೆ ತೆಳುವಾದ ಎಣ್ಣೆ ಬೇಕಾದರೆ, ಯಂತ್ರ ಮಾಡಿದವರ ಪುಸ್ತಕವು ಒಪ್ಪುವ ಪಕ್ಷದಲ್ಲಿ, ವಿ.ಜಿ. 100ರ ಬದಲು ವಿ.ಜಿ. 68 ಕಂಪ್ರೆಸರ್ ಎಣ್ಣೆಯನ್ನು ಹಾಕಿಸಿ.

ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಎಣ್ಣೆಯನ್ನು ಸುರಿಯಕೂಡದು. ಅದು ವಾಲ್ವುಗಳ ಮೇಲೆ ಮಸಿಯಾಗಿ ಕೂರುತ್ತದೆ. ಮಸಿ ಕಟ್ಟಿದ ವಾಲ್ವು ಸರಿಯಾಗಿ ಮುಚ್ಚುವುದಿಲ್ಲ. ಬಿಸಿ ಏರಿದಾಗ ಆ ಮಸಿಯೇ ಹೊತ್ತಿಕೊಳ್ಳುವ ಅಪಾಯವೂ ಉಂಟು.

ತೊಟ್ಟಿಯ ಕೆಳಗೆ ಬೆಂಕಿ ಹಾಕುವುದು, ದೊಂದಿ ಹಿಡಿಯುವುದು ಖಂಡಿತ ಕೂಡದು. ಎಣ್ಣೆ, ಚಿಂದಿ, ಪೆಟ್ರೋಲು ಎಲ್ಲ ಇರುವ ಜಾಗ ಅದು.

ಫ್ಯೂಸು ಹೋದರೆ ದಪ್ಪ ತಂತಿ ಕಟ್ಟುವುದು, ಸ್ಟಾರ್ಟರಿನ ಗುಂಡಿಯನ್ನು ಒತ್ತಿ ಹಿಡಿದು ನಿಲ್ಲುವುದು ಕೂಡದು. ಮೋಟಾರನ್ನು ಕಾಯುವ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದಂತೆ ಅದು.

ಸ್ವಿಚ್ಚು ಹಾಕಿರುವಾಗ ಬೆಲ್ಟನ್ನು ಕೈಯಿಂದ ಎಳೆದು ಸಹಾಯ ಮಾಡುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಯಂತ್ರ ಒಮ್ಮೆಲೇ ಹೊರಟರೆ ಬೆರಳು ಉಳಿಯುವುದಿಲ್ಲ. ಚಳಿಗೆ ಹೊದ್ದ ಕಂಬಳಿ, ಹೆಗಲ ಮೇಲಿನ ಟವೆಲು, ಪಂಚೆಯ ಅಂಚು, ಸೀರೆಯ ಸೆರಗು ಇವೆಲ್ಲ ತಿರುಗುವ ಚಕ್ರದಿಂದ ದೂರ ಇರಲಿ. ಮಕ್ಕಳು ಬಾಗಿಲ ಹೊರಗೇ ನಿಲ್ಲಲಿ.

ಸೇಫ್ಟಿ ವಾಲ್ವು ಸೋರುತ್ತದೆಂದು ಅದಕ್ಕೆ ಬೂಚು ಬಡಿಯಕೂಡದು. ಹನ್ನೆರಡು ಅಂಗುಲ ಅಡ್ಡಳತೆಯ ಟ್ಯಾಂಕಿನಲ್ಲಿ ಚದರ ಅಂಗುಲಕ್ಕೆ 120 ಪೌಂಡು ಗಾಳಿ ಇದ್ದರೆ, ಅದರ ಒಂದೊಂದು ತುದಿಯ ಮುಚ್ಚಳವನ್ನೂ ಸುಮಾರು ಆರು ಟನ್ನು ಬಲವು ಹೊರಕ್ಕೆ ನೂಕುತ್ತಿರುತ್ತದೆ. ಲೆಕ್ಕ ಸುಲಭ: ಮುಚ್ಚಳದ ವಿಸ್ತೀರ್ಣ 113 ಚದರ ಅಂಗುಲ, ಅದನ್ನು 120ರಿಂದ ಗುಣಿಸಿ ನೋಡಿ. ಅಷ್ಟು ಬಲವನ್ನು ತಡೆದು ನಿಂತಿರುವುದು ತೆಳುವಾದ ಕಬ್ಬಿಣದ ತಗಡು. ಒತ್ತಡ ಮಿತಿ ಮೀರಿದಾಗ ನಮ್ಮನ್ನು ಉಳಿಸುವುದು ಆ ಚಿಕ್ಕ ವಾಲ್ವೊಂದೇ.

ಸಂಜೆಯ ಕೆಲಸವೇ ಬೆಳಗಿನ ಲಾಭ

ಬೆಳಗಿನ ತೊಂದರೆಯ ಬಹುಪಾಲು ಹಿಂದಿನ ಸಂಜೆಯೇ ತಪ್ಪುತ್ತದೆ. ಕೆಲಸ ಮುಗಿದ ಮೇಲೆ, ಗಾಳಿ ಸ್ವಲ್ಪ ಉಳಿದಿರುವಾಗಲೇ ಕೆಳಗಿನ ಕಾಕನ್ನು ತೆರೆದು ನೀರನ್ನು ಬಿಡಿ. ಹಗಲು ಒಳಹೊಕ್ಕ ಗಾಳಿಯಲ್ಲಿ ತೇವ ಇರುತ್ತದೆ. ರಾತ್ರಿ ಟ್ಯಾಂಕು ತಣ್ಣಗಾದಂತೆ ಅದು ಇಬ್ಬನಿಯಂತೆ ಒಳಗೇ ಇಳಿದು ತಳದಲ್ಲಿ ನಿಲ್ಲುತ್ತದೆ. ನಿಂತ ನೀರು ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಹಳೆಯ ಟ್ಯಾಂಕು ಸಿಡಿಯುವುದಕ್ಕೆ ಇಂಥ ತುಕ್ಕು ಒಂದು ಮುಖ್ಯ ಕಾರಣ. ತುಕ್ಕಿನಿಂದ ಸೋರುವ ಟ್ಯಾಂಕಿಗೆ ತೇಪೆ ಬೆಸುಗೆ ಹಾಕಿಸುವುದು ದುಡ್ಡು ಉಳಿಸುವ ದಾರಿಯಲ್ಲ, ಅದನ್ನು ಬದಲಿಸುವುದೇ ದಾರಿ. ಸಂದೇಹವಿದ್ದರೆ ಬಲ್ಲವರಿಂದ ನೀರಿನ ಒತ್ತಡದ ಪರೀಕ್ಷೆ ಮಾಡಿಸಿ. ನೀರು ತುಂಬಿದ ಟ್ಯಾಂಕು ಬಿರಿದರೆ ನೀರು ಚೆಲ್ಲುತ್ತದೆ, ಗಾಳಿ ತುಂಬಿದ್ದು ಬಿರಿದರೆ ಬಾಂಬಿನಂತೆ ಸಿಡಿಯುತ್ತದೆ. ಅದಕ್ಕಾಗಿಯೇ ಈ ಪರೀಕ್ಷೆಗೆ ನೀರನ್ನು ಬಳಸುತ್ತಾರೆ.

ಎಣ್ಣೆ ಬದಲಿಸುವುದಿದ್ದರೆ ಸಂಜೆ, ಯಂತ್ರ ಬಿಸಿಯಾಗಿರುವಾಗಲೇ ನಿಲ್ಲಿಸಿ ಬದಲಿಸಿ. ಆಗ ಕೊಳೆಯೆಲ್ಲ ಎಣ್ಣೆಯೊಡನೆ ಹರಿದು ಬರುತ್ತದೆ. ರಾತ್ರಿ ಯಂತ್ರ ತಣಿದ ಮೇಲೆ ಗೋಣಿತಾಟು ಹೊದಿಸಿ. ಬೆಳಗ್ಗೆ ಹೊರಡಿಸುವ ಮುನ್ನ ತೆಗೆಯಲು ಮರೆಯಬೇಡಿ.

ಇನ್ನೊಂದು ಒಳ್ಳೆಯ ಅಭ್ಯಾಸವಿದೆ. ಬರಿದಾದ ಟ್ಯಾಂಕು ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ತಿಂಗಳಿಗೊಮ್ಮೆ ಬರೆದಿಡಿ. ಎಂಟು ನಿಮಿಷ ಹಿಡಿಯುತ್ತಿದ್ದದ್ದು ಹನ್ನೆರಡಾದರೆ ವಾಲ್ವೋ ಪಿಸ್ಟನ್ನಿನ ರಿಂಗೋ ಸವೆದಿದೆಯೆಂದು, ಇಲ್ಲವೆ ಗಾಳಿ ಒಳಬರುವ ಜಾಲರಿ ಧೂಳಿನಿಂದ ಕಟ್ಟಿದೆಯೆಂದು ಅರ್ಥ. ಕೆಲಸವಿಲ್ಲದ ದಿನ ನೋಡಿ ರಿಪೇರಿ ಮಾಡಿಸಿದರೆ ಸುಗ್ಗಿಯ ದಿನ ಕೈಕೊಡುವುದಿಲ್ಲ.

ಕಂಪ್ರೆಸರು ವರ್ಕ್‌ಶಾಪಿನವನದು, ಅದರ ಗೊಡವೆ ನಮಗೇಕೆ ಎಂದು ಕೆಲವರು ಕೇಳಬಹುದು. ಗಾಲಿ ನಮ್ಮದು, ಕಬ್ಬು ನಮ್ಮದು. "ಬೇಗ ಒತ್ತಪ್ಪಾ, ಹೊತ್ತಾಯಿತು" ಎಂದು ಹಿಂದೆ ನಿಂತು ಅವಸರಪಡಿಸುವವರೂ ಸಾಮಾನ್ಯವಾಗಿ ನಾವೇ. ಮುಂದಿನ ಸಲ ಆ ಮಾತಿನ ಬದಲು "ಮೊದಲು ಗಾಳಿ ಬಿಡಪ್ಪಾ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡೋಣ" ಎನ್ನಿ. ಅರ್ಧ ಗಂಟೆ ತಡವಾಗಬಹುದು, ಆದರೆ ಕಬ್ಬು ಆ ದಿನವೇ ಕಾರ್ಖಾನೆ ಸೇರುತ್ತದೆ. ತಾಳಿದವನು ಬಾಳಿಯಾನು ಎಂಬ ಹಿರಿಯರ ಮಾತು ಯಂತ್ರದ ಮುಂದೆ ನಿಂತಾಗಲೂ ಸಲ್ಲುತ್ತದೆ.